ಪಹಣಿ ಕ್ಲಿಯರ್ ಇದೆ, ಸರಿ, ಜಮೀನು ಎಲ್ಲಿದೆ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಕುಣಿಗಲ್ ಕಡೆ ಒಂದೂವರೆ ಎಕರೆ ಜಮೀನು ನೋಡಿದ್ದೇವೆ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣ 4 ಎಕರೆ 20 ಗುಂಟೆ, ಮೂವರು ಅಣ್ಣತಮ್ಮಂದಿರ ಹೆಸರಿದೆ. ಮಾರುವವರು ಅದರಲ್ಲಿ ಒಬ್ಬರು. ಬೇಲಿ ಹಾಕಿದ ಜಾಗ ತೋರಿಸಿದರು. ದಿಶಾಂಕ್ ಅನ್ನುವ ಸರ್ಕಾರಿ ಸರ್ವೆ ನಕ್ಷೆ ಆ್ಯಪ್‌ನಲ್ಲಿ ನೋಡಿದರೆ ಸರ್ವೆ ನಂಬರು ಸರಿಯಾಗಿಯೇ ಬರುತ್ತದೆ. 'ಪಹಣಿ ಕ್ಲಿಯರ್ ಇದೆ. ಸರ್ವೆ ಎಲ್ಲ ರಿಜಿಸ್ಟ್ರೇಷನ್ ಆದ ಮೇಲೆ ಮಾಡಿಸಿಕೊಳ್ಳಿ. ಈಗಲೇ ಅಕ್ಕಪಕ್ಕದವರಿಗೆ ಗೊತ್ತಾದರೆ ರೇಟು ಏರುತ್ತೆ' ಅಂತಾರೆ ಬ್ರೋಕರ್. ಯಾವ ಸರ್ವೆ, ಯಾವಾಗ, ಯಾರ ಖರ್ಚಿನಲ್ಲಿ ಮಾಡಿಸಬೇಕು? ಜಮೀನಿಗೆ ಹೋಗುವ ದಾರಿ ಪಕ್ಕದವರ ಹೊಲದ ಬದುವಿನ ಮೇಲಿದೆ. ಅದರಿಂದ ತೊಂದರೆ ಆಗುತ್ತಾ?

ಉತ್ತರ: ಮೊದಲು ಸರ್ವೆ, ಆಮೇಲೆ ನೋಂದಣಿ. ಬ್ರೋಕರ್ ಹೇಳಿದ್ದು ತಲೆಕೆಳಗು. ನೋಂದಣಿಗೆ ಮುಂಚೆ ಅಳತೆಯಲ್ಲಿ ಕೊರತೆ ಕಂಡರೆ ಅದು ಮಾರುವವರ ತಲೆನೋವು. ನೋಂದಣಿಯ ಮರುದಿನ ಅದೇ ಕೊರತೆ ನಿಮ್ಮ ತಲೆನೋವು. ಆಗ ದುಡ್ಡು ಅವರ ಹತ್ತಿರ, ಜಗಳ ನಿಮ್ಮ ಹತ್ತಿರ. ಇನ್ನು ಅಕ್ಕಪಕ್ಕದವರಿಗೆ ಗೊತ್ತಾಗಬಾರದು ಅನ್ನೋ ಮಾತು. ಸರ್ಕಾರಿ ಸರ್ವೆ ಅನ್ನುವುದೇ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಅವರ ಎದುರಿಗೆ ಮಾಡುವ ಕೆಲಸ. ಅದಕ್ಕೆ ಹೆದರುವವರು ರೇಟಿಗೇ ಹೆದರುತ್ತಿದ್ದಾರಾ, ಬೇರೆ ಯಾವುದಕ್ಕಾದರೂ ಹೆದರುತ್ತಿದ್ದಾರಾ ಅಂತ ಒಮ್ಮೆ ಯೋಚಿಸಿ.

'ಪಹಣಿ ಕ್ಲಿಯರ್' ಎಂಬ ಮಾತನ್ನು ಜಮೀನು ಕೊಳ್ಳುವವರೆಲ್ಲ ಕೇಳಿರುತ್ತಾರೆ. ಪಹಣಿ ಯಾರ ಹೆಸರಲ್ಲಿ ಎಷ್ಟು ಜಮೀನಿದೆ ಅಂತ ಹೇಳುತ್ತದೆ. ಯಾವ ಬೆಳೆ, ಯಾವ ಸಾಲ ಅಂತಲೂ ಹೇಳುತ್ತದೆ. ಆ ಜಮೀನು ನೆಲದ ಮೇಲೆ ಎಲ್ಲಿಂದ ಎಲ್ಲಿಗೆ ಇದೆ ಅಂತ ಮಾತ್ರ ಅದರಲ್ಲಿ ಎಲ್ಲೂ ಇರುವುದಿಲ್ಲ. ಅದು ಸಿಗುವುದು ಸರ್ವೆ ಇಲಾಖೆಯ ದಾಖಲೆಯಲ್ಲಿ. ಪಹಣಿ ಬರೆದವರು ಒಬ್ಬರು, ನಕ್ಷೆ ಬರೆದವರು ಇನ್ನೊಬ್ಬರು. ಶ್ಯಾನುಭೋಗರ ಕಾಲದಿಂದ ಗ್ರಾಮ ಲೆಕ್ಕಿಗರವರೆಗೆ ಪಹಣಿ ವರ್ಷ ವರ್ಷ ಕೈಯಲ್ಲಿ ನಕಲಾಗುತ್ತಾ ಬಂತು. 2000ದ ಸುಮಾರಿಗೆ ಭೂಮಿ ತಂತ್ರಾಂಶ ಬಂದಾಗ ಆ ಕೈಬರಹದಲ್ಲಿ ಇದ್ದದ್ದೇ ಕಂಪ್ಯೂಟರಿಗೆ ಹೋಯಿತು. ತಪ್ಪೂ ಅದರ ಜೊತೆಗೇ ಹೋಯಿತು. ಹಾಗಾಗಿ ಕಂಪ್ಯೂಟರ್ ಪಹಣಿ ಅಂತ ನೆಮ್ಮದಿಯಾಗಿ ಕೂರಬೇಡಿ. ಕಾನೂನೂ ಪಹಣಿಗೆ ಅಷ್ಟೇ ಬೆಲೆ ಕೊಡುತ್ತದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಮಿನ ಪ್ರಕಾರ ಅದರಲ್ಲಿರುವುದು ನಿಜ ಅಂತ ಭಾವಿಸಬೇಕು, ಸುಳ್ಳು ಅಂತ ಯಾರಾದರೂ ಸಾಬೀತು ಮಾಡುವವರೆಗೆ ಮಾತ್ರ.

ಈಗ ನಿಮ್ಮ ಪಹಣಿಯ 3ನೇ ಕಾಲಂ ತೆಗೆಯಿರಿ. ಹೆಚ್ಚಿನವರು ಮೇಲಿನ ಒಟ್ಟು ವಿಸ್ತೀರ್ಣ ಓದಿ ಬಿಟ್ಟುಬಿಡುತ್ತಾರೆ. ಅದರ ಕೆಳಗೆ ಪೂಟು ಖರಾಬು (ಅ), ಪೂಟು ಖರಾಬು (ಬ), ಕೊನೆಗೆ ಉಳಿದದ್ದು ಅಂತ ಇರುತ್ತದೆ. ಉದಾಹರಣೆಗೆ ಒಟ್ಟು 4-20, ಅ ಖರಾಬು 0-06, ಬ ಖರಾಬು 0-10 ಅಂತಿದ್ದರೆ ಉಳಿದದ್ದು 4-04. ಒಂದೂವರೆ ಎಕರೆಯಂತೆ ಮೂರು ಪಾಲು ಅಂತ ಮೂವರೂ ಬಾಯಲ್ಲಿ ಲೆಕ್ಕ ಹೇಳುತ್ತಿದ್ದರೆ ಅದು 4-20ರ ಲೆಕ್ಕ. ಹಂಚಲಿಕ್ಕೆ ಇರುವುದು 4-04. ಆ 16 ಗುಂಟೆ ಯಾರ ಪಾಲಿನಿಂದ ಕಳೆಯುತ್ತಾರೆ? ಹೊರಗಿನಿಂದ ಬಂದವರ ಪಾಲಿನಿಂದಲೇ ಕಳೆಯೋಣ ಅಂತ ಮೂವರೂ ಒಮ್ಮತಕ್ಕೆ ಬರುವುದು ಸುಲಭ. 9ನೇ ಕಾಲಂನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಎಷ್ಟಿದೆ ಅಂತ ನೋಡಿ, ಮೂರನ್ನೂ ಕೂಡಿಸಿ. ಮೊತ್ತ 3ನೇ ಕಾಲಂನ 'ಉಳಿದದ್ದು' ಜೊತೆ ತಾಳೆಯಾಗಬೇಕು. ಆಗದಿದ್ದರೆ ಅಲ್ಲೇ ನಿಲ್ಲಿ.

ಖರಾಬಿನ ಬಗ್ಗೆ ಇನ್ನೊಂದು ಮಾತು. ಅ ಖರಾಬು ಅಂದರೆ ಸಾಗುವಳಿಗೆ ಬಾರದ ಜಾಗ, ಬಂಡೆ, ಕಣ, ಹಳೇ ಕಟ್ಟಡ ಇಂಥವು. ಅದಕ್ಕೆ ಕಂದಾಯ ಇಲ್ಲ, ಆದರೆ ಜಮೀನಿನ ಜೊತೆಗೇ ಇರುತ್ತದೆ. ಬ ಖರಾಬು ಸಾರ್ವಜನಿಕರದ್ದು. ಹಳ್ಳ, ದಾರಿ, ಕಾಲುವೆ, ಸ್ಮಶಾನ. ಅದನ್ನು ಯಾರೂ ಮಾರಲಾಗದು, ನೀವೂ ಕೊಳ್ಳಲಾಗದು. ಬೇಲಿ ಮಾತ್ರ ಬ ಖರಾಬನ್ನೂ ಒಳಗೆ ಹಾಕಿಕೊಂಡೇ ನಿಂತಿರುತ್ತದೆ, ಅದೂ ಹೊಸ ಬೇಲಿ ಆದರೆ ಇನ್ನೂ ಧಾರಾಳವಾಗಿ. ಸಣ್ಣ ಹಳ್ಳ ಮುಚ್ಚಿ ಮಟ್ಟ ಮಾಡಿದ ಹೊಲ ನೋಡಲಿಕ್ಕೆ ಚೆನ್ನಾಗಿರುತ್ತದೆ. ಗುಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟಮೇಲೆ ಒಂದು ಮಳೆಗಾಲಕ್ಕೆ ನೀರು ತನ್ನ ದಾರಿ ತಾನೇ ಹುಡುಕಿಕೊಂಡು ಬರುತ್ತದೆ.

ಇದಾದ ಮೇಲೆ ಆಕಾರಬಂದ್ ತೆಗೆಸಿ. ಸರ್ವೆ ನಂಬರಿನ ಮೂಲ ವಿಸ್ತೀರ್ಣ, ಖರಾಬು, ಕಂದಾಯ ಇಷ್ಟನ್ನೂ ಸರ್ವೆ ಇಲಾಖೆ ನಿಗದಿ ಮಾಡಿ ಬರೆದ ಪುಸ್ತಕ ಅದು. ಪಹಣಿಯ ವಿಸ್ತೀರ್ಣ ಇದಕ್ಕಿಂತ ಜಾಸ್ತಿ ಇರುವ ಪ್ರಕರಣ ನಮ್ಮ ಕಡೆ ಬೇಕಾದಷ್ಟಿವೆ. ಕಾರಣ ಸರಳ. ತಂದೆ ಮೂವರು ಮಕ್ಕಳಿಗೆ ಬಾಯಲ್ಲೇ ಪಾಲು ಮಾಡಿದ. ಒಬ್ಬ ತನ್ನ ಪಾಲಿನದ್ದು ಅಂತ ಕ್ರಯಪತ್ರದಲ್ಲಿ ಎರಡು ಗುಂಟೆ ಜಾಸ್ತಿ ಬರೆಸಿದ. ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾವಣೆ) ಆಯಿತು. ನೆಲ ಬೆಳೆಯಲಿಲ್ಲ, ಕಾಗದ ಬೆಳೆಯಿತು. ಆಕಾರಬಂದ್‌ಗೂ ಪಹಣಿಗೂ ತಾಳೆ ಇಲ್ಲದಿದ್ದರೆ ಮುಂದೆ ನಕ್ಷೆಯೂ ಆಗದು, ಪಾಲು ಒಡೆದು ಬೇರೆ ನಂಬರು ಕೊಡುವ ಪೋಡಿಯೂ ಆಗದು. ಅದನ್ನು ಸರಿ ಮಾಡಿಸುವುದು ಮಾರುವವರ ಕೆಲಸ. 'ನೀವು ತಗೊಂಡ ಮೇಲೆ ಎಸಿ (ಉಪವಿಭಾಗಾಧಿಕಾರಿ) ಕೋರ್ಟಲ್ಲಿ ಒಂದು ಅರ್ಜಿ ಹಾಕಿದರೆ ಆಯ್ತು' ಅಂದರೆ ನಕ್ಕು ಸುಮ್ಮನಾಗಿ.

ಆಕಾರಬಂದ್ ಜೊತೆಗೆ ಟಿಪ್ಪಣಿಯ ನಕಲನ್ನೂ ತೆಗೆದುಕೊಳ್ಳಿ. ತಾಲ್ಲೂಕು ಸರ್ವೆ ಕಚೇರಿಯಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಅತ್ಯಂತ ಬೆಲೆಬಾಳುವ ಕಾಗದ ಇದೇ. ವಕೀಲರು ಕೇಳುವ ಪಟ್ಟಿಯಲ್ಲಿ ಇದು ಎಷ್ಟೋ ಸಲ ಇರುವುದೇ ಇಲ್ಲ. ಹಳೇ ಮೈಸೂರು ಸೀಮೆಯಲ್ಲಿ 1860ರ ದಶಕದಲ್ಲಿ ಶುರುವಾದ ಸರ್ವೆಯವರು ಹೊಲದಲ್ಲಿ ಸರಪಳಿ ಎಳೆದು, ಅಲ್ಲೇ ಕೂತು ಕೈಯಲ್ಲಿ ಬರೆದುಕೊಂಡ ಚಿತ್ರಗಳ ಪದ್ಧತಿ ಇದು. ಚಿತ್ರ ಸ್ಕೇಲಿಗೆ ಇರುವುದಿಲ್ಲ, ಸೊಟ್ಟಪಟ್ಟ ಕಾಣುತ್ತದೆ. ನೋಡಿ ಹೆದರಬೇಡಿ, ಅದರ ಜೀವ ಇರುವುದು ಅಂಕಿಗಳಲ್ಲಿ.

ಓದುವುದು ಹೇಗೆ ಅಂದರೆ, ಸರಪಳಿ 33 ಅಡಿ. ಒಂದು ಸರಪಳಿಗೆ 16 ಆಣೆ, ಅಂದರೆ ಆಣೆಗೆ ಎರಡು ಅಡಿಗಿಂತ ಚೂರು ಜಾಸ್ತಿ. 33 ಅಡಿ ಉದ್ದ, 33 ಅಡಿ ಅಗಲ ಸೇರಿದರೆ 1,089 ಚದರ ಅಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹಾಗಾಗಿ ಸರಪಳಿಯಲ್ಲಿ ಗುಣಿಸಿದರೆ ಉತ್ತರ ನೇರ ಗುಂಟೆಯಲ್ಲೇ ಬರುತ್ತದೆ. ಲೆಕ್ಕ ಹಾಕಿದವರು ಬುದ್ಧಿವಂತರು. ಟಿಪ್ಪಣಿಯಲ್ಲಿ ಹೊಲದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಉದ್ದಕ್ಕೆ ಒಂದು ಮುಖ್ಯ ಗೆರೆ ಇರುತ್ತದೆ. ಅದರ ಮೇಲಿಂದ ಎಡಕ್ಕೂ ಬಲಕ್ಕೂ ನೇರವಾಗಿ ಅಡ್ಡಗೆರೆಗಳು ಮೂಲೆಗಳಿಗೆ ಹೋಗುತ್ತವೆ. ಮುಖ್ಯ ಗೆರೆ 10 ಸರಪಳಿ 8 ಆಣೆ, ಅದರ ಬಲಕ್ಕೆ ಒಂದೇ ಅಡ್ಡಗೆರೆ 4 ಸರಪಳಿ ಅಂತಿದ್ದರೆ ಬಲಗಡೆಯದ್ದು ಒಂದು ತ್ರಿಕೋನ. ಹತ್ತೂವರೆಯನ್ನು ನಾಲ್ಕರಿಂದ ಗುಣಿಸಿ ಅರ್ಧ ಮಾಡಿ, 21 ಗುಂಟೆ. ಹೀಗೆ ಎಲ್ಲ ತುಂಡು ಕೂಡಿಸಿದರೆ ಆಕಾರಬಂದ್‌ನ ವಿಸ್ತೀರ್ಣಕ್ಕೆ ಹತ್ತಿರ ಬರಬೇಕು. ಒಂದು ಸಂಜೆ ಕೂತರೆ ನೀವೇ ಮಾಡಬಹುದು.

ಕರಾವಳಿಯಲ್ಲಿ, ಬಳ್ಳಾರಿ ಸೀಮೆಯಲ್ಲಿ ಮದ್ರಾಸು ಪದ್ಧತಿಯ ದಾಖಲೆಗಳಿವೆ. ಮಂಗಳೂರು, ಉಡುಪಿಯವರು ಸೆಂಟ್ಸ್ ಅಂತಾರೆ. 100 ಸೆಂಟ್ಸಿಗೆ ಎಕರೆ, ಎರಡೂವರೆ ಸೆಂಟ್ಸಿಗೆ ಒಂದು ಗುಂಟೆ. ನಿಮಗೆ ಅದು ಬೇಕಾಗಲ್ಲ.

ಟಿಪ್ಪಣಿ ಕೈಗೆ ಬಂದ ಮೇಲೆ ಒಂದು ಭಾನುವಾರ ಉದ್ದನೆಯ ಟೇಪು ಹಿಡಿದು ಹೊಲಕ್ಕೆ ಹೋಗಿ. ಇದು ಸರ್ವೆ ಅಂತ ಆಗಲ್ಲ, ಆದರೆ ಮುಂದೆ ಹೆಜ್ಜೆ ಇಡಬೇಕಾ ಬೇಡವಾ ಅಂತ ಗೊತ್ತಾಗುತ್ತದೆ. ಬೇಲಿಯ ನಾಲ್ಕು ಬದಿ ಅಳೆಯುವವರು ತುಂಬಾ ಜನ. ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುತ್ತಾರೆ, ಬ್ರೋಕರ್‌ಗಳ ಲೆಕ್ಕವೂ ಅದೇ. ಹೊಲ ಪಕ್ಕಾ ಆಯತ ಆಗಿದ್ದರೆ ಮಾತ್ರ ಆ ಲೆಕ್ಕ ಸರಿ. ಬೇರೆ ಯಾವ ಆಕಾರವಾದರೂ ಅದು ನಿಜಕ್ಕಿಂತ ಜಾಸ್ತಿಯೇ ತೋರಿಸುತ್ತದೆ, ಒಂದು ಸಲವೂ ಕಡಿಮೆ ತೋರಿಸಲ್ಲ. ಯಾರಿಗೆ ಅನುಕೂಲ ಅಂತ ಹೇಳಬೇಕಾಗಿಲ್ಲ ಅಲ್ವಾ?

ಲೆಕ್ಕ ನೋಡಿ. ಒಂದೂವರೆ ಎಕರೆ ಅಂದರೆ 60 ಗುಂಟೆ, 65,340 ಚದರ ಅಡಿ. 198 ಅಡಿಗೆ 330 ಅಡಿ ಇದ್ದರೆ ಸರಿಯಾಗಿ ಅಷ್ಟೇ ಆಗುತ್ತದೆ. ಆದರೆ ಅದೇ ನಾಲ್ಕು ಬದಿ ಇಟ್ಟುಕೊಂಡು ಹೊಲ ಒಂದು ಕಡೆಗೆ ವಾಲಿ, ಮೂಲೆ 60 ಡಿಗ್ರಿ ಆಗಿದ್ದರೆ ಸಿಗುವುದು 52 ಗುಂಟೆ. ಬದಿಗಳ ಅಳತೆಯಲ್ಲಿ ಒಂದು ಅಡಿಯೂ ವ್ಯತ್ಯಾಸವಿಲ್ಲ, 8 ಗುಂಟೆ ಮಾಯ. ಇದನ್ನು ಹಿಡಿಯಲಿಕ್ಕೆ ಒಂದು ಮೂಲೆಯಿಂದ ಎದುರು ಮೂಲೆಗೂ ಟೇಪು ಎಳೆಯಬೇಕು. ಆಯತ ಆಗಿದ್ದರೆ ಎರಡೂ ಕರ್ಣ ಸುಮಾರು 385 ಅಡಿ. ವಾಲಿದ ಹೊಲದಲ್ಲಿ ಒಂದು 462, ಇನ್ನೊಂದು 288 ಬರುತ್ತದೆ. ನಾಲ್ಕು ಬದಿ, ಒಂದು ಕರ್ಣ ಗೊತ್ತಿದ್ದರೆ ಎರಡು ತ್ರಿಕೋನ ಆಯಿತು. ತ್ರಿಕೋನದ ಮೂರು ಬದಿ ಕೊಟ್ಟರೆ ವಿಸ್ತೀರ್ಣ ಹೇಳುವ ಲೆಕ್ಕ ಹೈಸ್ಕೂಲಿನ ಪುಸ್ತಕದಲ್ಲೇ ಇದೆ, ಮೊಬೈಲಿನಲ್ಲೂ ಸಿಗುತ್ತದೆ.

ದಿಶಾಂಕ್ ವಿಷಯಕ್ಕೆ ಬರೋಣ. ಒಳ್ಳೆಯ ಆ್ಯಪ್. ನಾನೂ ಬಳಸುತ್ತೇನೆ. ಸರ್ವೆ ನಂಬರ್ 40 ತೋರಿಸಬೇಕಾದವರು 43ರಲ್ಲಿ ನಿಲ್ಲಿಸಿ ತೆಂಗಿನ ತೋಟ ತೋರಿಸುವ ಮೋಸ ಇದರಿಂದ ತಕ್ಷಣ ಬಯಲಾಗುತ್ತದೆ. ಕೆರೆ, ಹಳ್ಳ, ಗೋಮಾಳ ಹತ್ತಿರ ಇದೆಯಾ ಅಂತಲೂ ಒಂದು ಅಂದಾಜು ಸಿಗುತ್ತದೆ. ಆದರೆ ಗಡಿ ನಿರ್ಧಾರಕ್ಕೆ ಅದು ಬಾರದು. ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆಗುವುದು ಮಾಮೂಲು. 330 ಅಡಿ ಉದ್ದದ ಬದಿಯಲ್ಲಿ ಗೆರೆ 5 ಮೀಟರ್ ಸರಿದರೆ ಸುಮಾರು 5 ಗುಂಟೆ ಆಚೆಗೋ ಈಚೆಗೋ ಹೋಯಿತು. ಹಳೇ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಆಗುವ ಎಳೆದಾಟ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಅಣ್ಣತಮ್ಮಂದಿರ ಪಾಲು ಪೋಡಿಯೇ ಆಗಿಲ್ಲದಿದ್ದರೆ ಆ ಒಳಗೆರೆ ಯಾವ ನಕ್ಷೆಯಲ್ಲೂ ಇಲ್ಲ. ಇಲ್ಲದ್ದನ್ನು ಆ್ಯಪ್ ಎಲ್ಲಿಂದ ತೋರಿಸಬೇಕು? ನಿಮಗೆ ಕಂಡದ್ದು ನಾಲ್ಕೂವರೆ ಎಕರೆಯ ಹೊರಗೆರೆ. ನೀವು ಕೊಳ್ಳುವ ಒಂದೂವರೆ ಎಕರೆ ಅದರೊಳಗೆ ಎಲ್ಲೋ ಇದೆ, ಅಷ್ಟೇ ಗೊತ್ತಾದದ್ದು.

ನಿಮ್ಮ ಪ್ರಕರಣದ ಗಂಟು ಇಲ್ಲೇ ಇದೆ. ಹಾಗಾಗಿ ಯಾವ ಸರ್ವೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜನ ಎಲ್ಲದಕ್ಕೂ 'ಸರ್ವೆ ಮಾಡಿಸಿ' ಅಂತಾರೆ, ಒಳಗೆ ಮೂರು ಬೇರೆ ಬೇರೆ ಕೆಲಸಗಳಿವೆ.

ಹದ್ದುಬಸ್ತು ಅಂದರೆ ಈಗಾಗಲೇ ದಾಖಲೆಯಲ್ಲಿರುವ ಗಡಿಯನ್ನು ನೆಲದ ಮೇಲೆ ಗುರುತಿಸಿ ತೋರಿಸುವುದು. ಸರ್ವೆ ಇಲಾಖೆಯ ಮೋಜಿಣಿ ತಂತ್ರಾಂಶದ ಮೂಲಕ ಅರ್ಜಿ ಹೋಗುತ್ತದೆ. ಅಕ್ಕಪಕ್ಕದವರಿಗೆ ನೋಟಿಸ್, ಸರ್ವೆಯರ್ ಬಂದು ಟಿಪ್ಪಣಿ ಪ್ರಕಾರ ಅಳತೆ, ಕಲ್ಲು. ಒಂದು ಹಿಸ್ಸಾ ನಂಬರಿಗೆ ಬೇರೆ ಟಿಪ್ಪಣಿ ಆಗಿದ್ದರೆ, ಅಂದರೆ 40/2 ಅನ್ನುವ ತುಂಡಿಗೆ ತನ್ನದೇ ನಕ್ಷೆ ಇದ್ದರೆ, ಹದ್ದುಬಸ್ತು ಮಾಡಿಸಿದರೆ ಸಾಕು. ನಿಮ್ಮದರಲ್ಲಿ ಒಂದೇ ಪಹಣಿಯಲ್ಲಿ ಮೂವರ ಹೆಸರಿದೆ. ಒಬ್ಬರ ಪಾಲಿಗೆ ಬೇರೆ ನಕ್ಷೆ ಇಲ್ಲ ಅಂತಾಯಿತು. ಹದ್ದುಬಸ್ತು ಮಾಡಿಸಿದರೆ ಇಡೀ ಸರ್ವೆ ನಂಬರಿನ ಹೊರಗಡಿ ಗೊತ್ತಾಗಬಹುದು, ಒಳಗಡಿ ಗೊತ್ತಾಗಲ್ಲ. 'ಹದ್ದುಬಸ್ತು ಆಗಿದೆ' ಅಂತ ಅವರು ಕಾಗದ ತೋರಿಸಿದರೆ ಯಾವುದಕ್ಕೆ ಆಗಿದೆ ಅಂತ ಕೇಳಿ.

ಪೋಡಿ ಅಂದರೆ ಜಂಟಿಯಾಗಿರುವುದನ್ನು ಒಡೆದು ಪ್ರತಿಯೊಬ್ಬರಿಗೂ ಬೇರೆ ಹಿಸ್ಸಾ ನಂಬರು, ಬೇರೆ ನಕ್ಷೆ, ಬೇರೆ ಪಹಣಿ ಮಾಡುವುದು. ಮೂವರೂ ಸೇರಿ ಪೋಡಿ ಮಾಡಿಸಿಕೊಂಡು ಆಮೇಲೆ ಮಾರುತ್ತಾರೆ ಅಂದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಸಮಯ ಹಿಡಿಯುತ್ತದೆ, ಮೂವರಲ್ಲಿ ಒಬ್ಬರು ಮುನಿಸಿಕೊಂಡರೂ ನಿಲ್ಲುತ್ತದೆ. ಆ ಮುನಿಸು ಈಗಲೇ ಹೊರಗೆ ಬಂದರೆ ನಿಮಗೇ ಲಾಭ.

ಮೂರನೆಯದು 11ಇ ನಕ್ಷೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಮಾರುವಾಗ ನೋಂದಣಿಗೆ ಮುಂಚೆ ಆ ಭಾಗವನ್ನು ಅಳೆದು ಕೊಡುವ ನಕ್ಷೆ. ನಿಮಗೆ ಬೇಕಾದದ್ದು ಇದೇ, ನೋಂದಣಿ ಕಚೇರಿಯಲ್ಲೂ ಇದನ್ನು ಕೇಳುತ್ತಾರೆ. ಬ್ರೋಕರ್ 'ಸರ್ವೆ ಆಮೇಲೆ' ಅನ್ನುವಾಗ ಇದನ್ನು ಮರೆತಿದ್ದಾರೋ, ಅಥವಾ ಇಡೀ ನಂಬರಿನಲ್ಲಿ ಅವಿಭಾಜ್ಯ ಪಾಲು ಅಂತ ಬರೆಸಿ ದಾಟಿಸುವ ಯೋಚನೆಯಲ್ಲಿದ್ದಾರೋ ತಿಳಿದುಕೊಳ್ಳಿ. ಅವಿಭಾಜ್ಯ ಪಾಲು ಕೊಂಡರೆ ನೀವು ಎರಡು ಕುಟುಂಬಗಳ ಜೊತೆ ಜಂಟಿ ಮಾಲೀಕರಾಗುತ್ತೀರಿ. ಆ ಬೇಲಿಯೊಳಗಿನ ತುಂಡೇ ನಿಮ್ಮದು ಅಂತ ಹೇಳಲಿಕ್ಕೆ ಯಾವ ಆಧಾರವೂ ಇರುವುದಿಲ್ಲ. ಅದಕ್ಕೆ ಮತ್ತೆ ವಿಭಾಗದ ದಾವೆ.

11ಇಗೆ ಅರ್ಜಿ ಹಾಕಬೇಕಾದವರು ಪಹಣಿಯಲ್ಲಿ ಹೆಸರಿರುವ ಖಾತೆದಾರರು. ನೀವು ಹಾಕಲಾಗದು. ಖರ್ಚು ಯಾರದು ಅಂತ ಕೇಳಿದ್ದೀರಿ. ಪದ್ಧತಿಯಂತೆ ಮಾರುವವರದು. ಆದರೆ ಸರ್ಕಾರಿ ಶುಲ್ಕ ಜಮೀನಿನ ಬೆಲೆಯ ಮುಂದೆ ಲೆಕ್ಕಕ್ಕೇ ಬರಲ್ಲ. ಅವರು ಎಳೆದಾಡಿದರೆ ನೀವೇ ಕಟ್ಟಿ, ಅರ್ಜಿ ಮಾತ್ರ ಅವರಿಂದಲೇ ಹಾಕಿಸಿ. ಅರ್ಜಿ ನಂಬರು ನಿಮ್ಮ ಹತ್ತಿರ ಇದ್ದರೆ ಎಲ್ಲಿಗೆ ಬಂತು ಅಂತ ನೀವೇ ಆನ್‌ಲೈನಿನಲ್ಲಿ ನೋಡಬಹುದು.

ಇನ್ನೊಂದು ಕಡೆ ಎಚ್ಚರ ಬೇಕು. ನಿಮ್ಮ ಪಹಣಿಯಲ್ಲಿ ಇಲ್ಲದಿರಬಹುದು, ಆದರೂ ಹೇಳುತ್ತೇನೆ. ಸರ್ವೆ ನಂಬರಿನ ಜೊತೆ 'ಪೈಕಿ' ಅಂತಲೋ, ಪಿ1, ಪಿ2 ಅಂತಲೋ ಇದ್ದರೆ ಅದು ಬಹುತೇಕ ದರಖಾಸ್ತಿನಲ್ಲಿ (ಸರ್ಕಾರಿ ಜಮೀನು ಕೇಳಿ ಹಾಕಿದ ಅರ್ಜಿಯ ಮೇಲೆ) ಮಂಜೂರಾಗಿ ಪೋಡಿ ದುರಸ್ತಿ ಆಗದ ಜಮೀನು. ಗೋಮಾಳ ಇದ್ದದ್ದು 30 ಎಕರೆ, ಸಾಗುವಳಿ ಚೀಟಿ ಕೊಟ್ಟಿರುವುದು 40 ಎಕರೆಗೆ, ಇಂಥದ್ದೂ ಉಂಟು. ಅಲ್ಲಿ ಎಲ್ಲರ ಕಾಗದವೂ ನಿಜ, ಎಲ್ಲರಿಗೂ ಸಾಕಾಗುವಷ್ಟು ನೆಲ ಮಾತ್ರ ಇಲ್ಲ. ಅದೂ ಅಲ್ಲದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯವೇ ನಿಲ್ಲಲ್ಲ. ಸರ್ವೆ ಎಷ್ಟು ಚೆನ್ನಾಗಿ ಆದರೂ ಪ್ರಯೋಜನವಿಲ್ಲ.

ಸರ್ವೆಯ ದಿನ ನೀವು ರಜೆ ಹಾಕಿ ಅಲ್ಲೇ ಇರಿ. ಸರ್ವೆಯರ್ ಎಲ್ಲಿಂದ ಶುರು ಮಾಡುತ್ತಾರೆ ಅಂತ ಗಮನಿಸಿ. ಬೇಲಿ ಕಂಬದಿಂದ ಅಳೆಯಲು ಶುರು ಮಾಡಿದರೆ ಬೇಲಿಗೆ ಬೇಲಿಯೇ ಸಾಕ್ಷಿ ಆಯಿತು. ಸರಿಯಾದ ಕೆಲಸ ಶುರುವಾಗುವುದು ಹಳೆಯ, ಕದಲದ ಗುರುತಿನಿಂದ. ಮೂರು ಊರಿನ ಗಡಿ ಸೇರುವ ಕಲ್ಲು, ಗ್ರಾಮದ ಗಡಿ ಕಲ್ಲು, ಇಲ್ಲ ಅಕ್ಕಪಕ್ಕದ ಸರ್ವೆ ನಂಬರಿನಲ್ಲಿ ಉಳಿದಿರುವ ಬಾಂದು ಕಲ್ಲು. ಅಲ್ಲಿಂದ ನಿಮ್ಮ ನಂಬರಿನ ಮೂಲೆಗೆ ಬರಬೇಕು. ಒಂದೇ ಕಲ್ಲನ್ನು ನಂಬಿ ಹೊರಡಬಾರದು. ಎರಡು ಕಲ್ಲುಗಳ ನಡುವೆ ಅಳೆದು, ಟಿಪ್ಪಣಿಯ ಅಂಕಿಗೆ ತಾಳೆ ನೋಡಿ, ಆಮೇಲೆ ಮುಂದುವರಿಯಬೇಕು. ಯಾಕೆಂದರೆ ಕಲ್ಲುಗಳು ನಡೆಯುತ್ತವೆ. ಹಿಂದೆ ನೇಗಿಲಿಗೆ ಒಂದಿಷ್ಟು ಸರಿಯುತ್ತಿದ್ದವು, ಈಗ ಜೆಸಿಬಿಗೆ ಒಂದೇ ಸಲ ಹತ್ತು ಅಡಿ ಹೋಗುತ್ತವೆ. ಈಗ ಸರ್ವೆಯರ್‌ಗಳ ಕೈಗೆ ಉಪಗ್ರಹದಿಂದ ಅಳೆಯುವ ರೋವರ್ ಬಂದಿದೆ. ಅಳತೆ ಸೆಂಟಿಮೀಟರ್ ಲೆಕ್ಕದಲ್ಲಿ ಬರುತ್ತದೆ, ಖುಷಿಯ ವಿಷಯ. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಅದು ಹೇಳಲ್ಲ. ತಪ್ಪು ಕಲ್ಲಿನಿಂದ ಶುರು ಮಾಡಿದರೆ ತಪ್ಪು ಗೆರೆಯನ್ನೇ ಸೆಂಟಿಮೀಟರ್ ನಿಖರತೆಯಲ್ಲಿ ಕೊಡುತ್ತದೆ.

ಊರಿನಲ್ಲಿ ಒಬ್ಬ ಹಿರಿಯರನ್ನು ಹುಡುಕಿ. ಹಳೇ ಕಲ್ಲು ಎಲ್ಲಿತ್ತು, ಬದು ಯಾವಾಗ ಸರಿಯಿತು, ಯಾರಿಗೂ ಯಾರಿಗೂ ಆಗ ಜಗಳವಾಯಿತು ಅಂತ ಅಂಥವರು ಕಾಫಿ ಕುಡಿಯುತ್ತಾ ಹೇಳಿಬಿಡುತ್ತಾರೆ. ಉಳಿದ ಇಬ್ಬರು ಅಣ್ಣತಮ್ಮಂದಿರನ್ನೂ ಬೇರೆಬೇರೆಯಾಗಿ ಮಾತಾಡಿಸಿ. 'ನಿಮ್ಮ ಪಾಲು ಎಲ್ಲಿಂದ ಎಲ್ಲಿಗೆ?' ಅಂತ ಒಂದೇ ಪ್ರಶ್ನೆ. ಮೂವರೂ ಒಂದೇ ಗೆರೆ ತೋರಿಸಿದರೆ ಅರ್ಧ ಸರ್ವೆ ಮುಗಿದ ಹಾಗೆ. ಅಕ್ಕತಂಗಿಯರು ಇದ್ದಾರಾ ಅಂತಲೂ ಕೇಳಿ. ಇದು ಅಳತೆಯ ವಿಷಯ ಅಲ್ಲ, ಆದರೂ ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳಿಗೂ ಸಮಪಾಲು. ಇಬ್ಬರಿದ್ದು ಪಾಲು ಕೇಳಿ ಬಂದರೆ ಮೂರು ಅಂತ ಎಳೆದ ಗೆರೆ ಐದಾಗುತ್ತದೆ.

ಅಳತೆ ಮುಗಿದ ಮೇಲೆ ಕಲ್ಲು ನೆಡಿಸಿ. ಪ್ರತಿ ಮೂಲೆಯ ಫೋಟೋ, ಹಿಂದೆ ಒಂದು ಮರವೋ ಮನೆಯೋ ಕಾಣುವ ಹಾಗೆ ತೆಗೆದುಕೊಳ್ಳಿ. ಮಹಜರಿನಲ್ಲಿ ಯಾರು ಸಹಿ ಹಾಕಿದರು, ಯಾರು ಹಾಕಲಿಲ್ಲ ನೋಡಿ. ಪಕ್ಕದವರು ಸಹಿ ಹಾಕಲಿಲ್ಲ ಅಂದ ಮಾತ್ರಕ್ಕೆ ಸರ್ವೆ ಬಿದ್ದುಹೋಗಲ್ಲ, ಆದರೆ ಯಾಕೆ ಅಂತ ತಿಳಿದುಕೊಳ್ಳದೆ ಮುಂದೆ ಹೋಗಬೇಡಿ. ಪಕ್ಕದವರು ಮೂರು ಗುಂಟೆ ಒತ್ತಿಕೊಂಡಿದ್ದಾರೆ ಅಂತ ಸರ್ವೆ ತೋರಿಸಿದರೆ ಆ ಮೂರು ಗುಂಟೆಯನ್ನು ಸರ್ವೆಯರ್ ಬಿಡಿಸಿಕೊಡಲಾರರು. ಖಾಸಗಿ ಜಮೀನಿನ ಒತ್ತುವರಿ ಬಿಡಿಸುವುದು ಸಿವಿಲ್ ಕೋರ್ಟಿನ ಕೆಲಸ. ಅವರು ಬಹಿರಂಗವಾಗಿ, ನಿಮಗೆ ಮಾರುವವರ ಹಕ್ಕನ್ನು ಒಪ್ಪದೆ 12 ವರ್ಷಕ್ಕಿಂತ ಜಾಸ್ತಿ ಅನುಭವಿಸಿದ್ದರೆ ಅಲ್ಲೂ ಕಷ್ಟ. ಒತ್ತುವರಿ ಕಂಡರೆ ಆ ಗುಂಟೆಗಳ ದುಡ್ಡು ಕಳೆದು, ಉಳಿದದ್ದಕ್ಕೆ ನಕ್ಷೆ ಮಾಡಿಸಿ ಕೊಳ್ಳಿ. ಬೇರೆಯವರ ವ್ಯಾಜ್ಯವನ್ನು ದುಡ್ಡು ಕೊಟ್ಟು ಮನೆಗೆ ತರುವುದು ಬೇಡ.

ಕ್ರಯಪತ್ರದ ಕರಡು ಬಂದಾಗ ವಕೀಲರು ಉಳಿದದ್ದು ನೋಡಲಿ, ನೀವು ಷೆಡ್ಯೂಲು, ಅಂದರೆ ಆಸ್ತಿಯ ವಿವರ ಓದಿ. ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ಯಾವುದು ಅನ್ನುವುದು ಅಲ್ಲೇ ಇರುತ್ತದೆ. ವಿಸ್ತೀರ್ಣ ಒಂದು ಹೇಳಿ, ಚೆಕ್ಕುಬಂದಿ ಇನ್ನೊಂದು ಹೇಳಿದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚೆಕ್ಕುಬಂದಿಯನ್ನೇ ಎತ್ತಿಹಿಡಿಯುತ್ತವೆ. ಅಂದರೆ 1-20 ಅಂತ ಎಷ್ಟೇ ದಪ್ಪಕ್ಷರದಲ್ಲಿ ಬರೆದಿದ್ದರೂ, ನಾಲ್ಕು ಗಡಿಗಳ ನಡುವೆ ಇರುವುದು 1-14 ಆದರೆ ನಿಮಗೆ ಸಿಗುವುದು ಅಷ್ಟೇ. 'ಪೂರ್ವಕ್ಕೆ ಇಂಥವರ ಹೊಲ' ಅಂತ ಹಳೇ ಪತ್ರದಿಂದ ನಕಲು ಮಾಡಿರುತ್ತಾರೆ. ಆ ಇಂಥವರು ತೀರಿಕೊಂಡು ಮೂವತ್ತು ವರ್ಷ ಆಗಿರುತ್ತದೆ, ಹೊಲ ಎರಡು ಕೈ ಬದಲಾಗಿರುತ್ತದೆ. ಹೆಸರಿನ ಜೊತೆಗೆ ಸರ್ವೆ ನಂಬರನ್ನೂ ಬರೆಸಿ, ಪ್ರತಿ ಬದಿಯ ಅಳತೆ ಬರೆಸಿ, 11ಇ ನಕ್ಷೆಯ ನಂಬರು ಬರೆಸಿ. ನೋಂದಣಿ ಆದ ಮೇಲೆ ಮಾಹಿತಿ ತಾನಾಗೇ ಭೂಮಿ ತಂತ್ರಾಂಶಕ್ಕೆ ಹೋಗಿ ಮ್ಯುಟೇಶನ್ ಶುರುವಾಗುತ್ತದೆ. ಹೊಸ ಪಹಣಿಯಲ್ಲಿ ನಕ್ಷೆಯ ವಿಸ್ತೀರ್ಣವೇ ಬಂದಿದೆಯಾ ಅಂತ ಆಗ ಇನ್ನೊಮ್ಮೆ ನೋಡಿ.

ಇದೆಲ್ಲ ಆಗುವವರೆಗೆ ಅಡ್ವಾನ್ಸ್ ಏನು ಮಾಡುವುದು? ಕೊಡಲೇಬೇಕಾದರೆ ಸಣ್ಣ ಮೊತ್ತ ಕೊಡಿ, ಬ್ಯಾಂಕಿನ ಮೂಲಕ, ಕರಾರಿನ ಮೇಲೆ. ಕರಾರಿನಲ್ಲಿ ಎರಡು ಸಾಲು ಇರಲಿ. ಬೆಲೆ 'ಇಡಿಯಾಗಿ ಇಷ್ಟು' ಅಂತ ಬೇಡ, 'ಸರ್ವೆಯಲ್ಲಿ ಬಂದ ವಿಸ್ತೀರ್ಣಕ್ಕೆ ಗುಂಟೆಗೆ ಇಷ್ಟು' ಅಂತಿರಲಿ. ಇಂಥ ತಾರೀಖಿನೊಳಗೆ 11ಇ ನಕ್ಷೆ ಬರದಿದ್ದರೆ ಅಡ್ವಾನ್ಸ್ ವಾಪಸ್ ಅಂತಿರಲಿ. ಮಾರುವವರು ಪ್ರಾಮಾಣಿಕರಾಗಿದ್ದರೆ ಎರಡಕ್ಕೂ ತಕರಾರು ಮಾಡಲ್ಲ. ನಕ್ಷೆಗೆ ಕೆಲವು ವಾರವೋ ಕೆಲವು ತಿಂಗಳೋ ಹಿಡಿಯಬಹುದು, ಅವಸರ ಮಾಡುವವರ ಮಾತಿಗೆ ಬೀಳಬೇಡಿ.

ಕೊನೆಗೆ ದಾರಿ. ಹೌದು, ತೊಂದರೆ ಆಗುತ್ತೆ, ಈಗಲೇ ಬಗೆಹರಿಸಿಕೊಳ್ಳದಿದ್ದರೆ. ಗ್ರಾಮ ನಕ್ಷೆ ತೆಗೆದು ನೋಡಿ, ಆನ್‌ಲೈನಿನಲ್ಲೇ ಸಿಗುತ್ತದೆ. ಸಾಮಾನ್ಯವಾಗಿ ಜೋಡಿ ಗೆರೆ ತುಂಡುತುಂಡಾಗಿ ಹೋಗಿದ್ದರೆ ಬಂಡಿದಾರಿ, ಒಂಟಿ ಗೆರೆ ಕಾಲುದಾರಿ. ನಿಮ್ಮ ನಂಬರಿನ ತನಕ ಅದು ಬಂದಿದ್ದರೆ ನಕಾಶೆ ಕಂಡ ದಾರಿ ಅಂತ ಆಯಿತು. ಯಾರಾದರೂ ಮುಚ್ಚಿದರೆ ತಹಶೀಲ್ದಾರರ ಹತ್ತಿರ ಹೋಗಬಹುದು. ನಕ್ಷೆಯಲ್ಲಿ ಇಲ್ಲದೆ ಬರೀ ಬದುವಿನ ಮೇಲೆ ಓಡಾಡುತ್ತಿದ್ದರೆ ಅದು ರೂಢಿ ದಾರಿ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ ಯಾರ ಅಡ್ಡಿಯೂ ಇಲ್ಲದೆ, ಹಕ್ಕಿನಂತೆ 20 ವರ್ಷ ಬಳಸಿದ್ದರೆ ಹಕ್ಕು ಕೇಳಬಹುದು. ಆದರೆ ಅದನ್ನು ಸಾಬೀತು ಮಾಡಬೇಕಾದದ್ದು ಕೋರ್ಟಿನಲ್ಲಿ. ಊರಿನವರು ಎತ್ತು ಹೊಡೆದುಕೊಂಡು ಹೋಗಲು ಬಿಟ್ಟ ಬದುವಿನ ಮೇಲೆ ಬೆಂಗಳೂರಿನವರ ಕಾರನ್ನೂ ಬಿಡುತ್ತಾರೆ ಅಂತ ಲೆಕ್ಕ ಹಾಕಬೇಡಿ.

ನಿಮಗೆ ಇನ್ನೊಂದು ಹಾದಿ ಇದೆ, ಅದು ಹೆಚ್ಚು ಸಲೀಸು. ನೀವು ಕೊಳ್ಳುವ ತುಂಡು ಅಣ್ಣತಮ್ಮಂದಿರ ದೊಡ್ಡ ಜಮೀನಿನಿಂದ ಒಡೆದು ಬರುವುದು. ಆ ದೊಡ್ಡ ಜಮೀನಿಗೆ ರಸ್ತೆ ತಾಕುತ್ತಿದ್ದರೆ, ಬೇರೆ ದಾರಿಯೇ ಇಲ್ಲದ ಒಳತುಂಡಿಗೆ ಉಳಿದ ತುಂಡಿನ ಮೇಲಿಂದ ದಾರಿ ಕೇಳುವ ಹಕ್ಕನ್ನು ಅದೇ ಕಾಯ್ದೆ ಕೊಡುತ್ತದೆ. ಹಕ್ಕಿದೆ ಅಂತ ಸುಮ್ನೆ ಇರಬೇಡಿ. 12 ಅಡಿಯೋ 15 ಅಡಿಯೋ, ಟ್ರ್ಯಾಕ್ಟರ್ ಬರುವಷ್ಟು ಅಗಲದ ದಾರಿಯನ್ನು 11ಇ ನಕ್ಷೆಯಲ್ಲೇ ಗುರುತು ಮಾಡಿಸಿ. ಯಾರ ಪಾಲಿನಲ್ಲಿ ಹೋಗುತ್ತದೋ ಅವರಿಂದಲೂ ನಿಮ್ಮ ಕ್ರಯಪತ್ರಕ್ಕೆ ಒಪ್ಪಿಗೆಯ ಸಹಿ ಹಾಕಿಸಿ, ದಾರಿಯ ಉದ್ದ, ಅಗಲ ಷೆಡ್ಯೂಲಿನಲ್ಲಿ ಬರೆಸಿ. ಆ ದಾರಿಗೆ ಎರಡು ಮೂರು ಗುಂಟೆಯ ದುಡ್ಡು ಕೊಡಬೇಕಾಗಿ ಬಂದರೂ ಕೊಟ್ಟುಬಿಡಿ. ಅಣ್ಣತಮ್ಮಂದಿರು ಒಪ್ಪದಿದ್ದರೆ, ಪಕ್ಕದ ಹೊಲದವರೂ ಬರೆದು ಕೊಡದಿದ್ದರೆ, ಬೇರೆ ಜಮೀನು ನೋಡಿ. ಕುಣಿಗಲ್ ಕಡೆ ಮಾರುವವರಿಗೇನೂ ಕೊರತೆ ಇಲ್ಲ.